ವಿದ್ಯಾಭ್ಯಾಸವನ್ನು ಅರಿಯುವುದಕ್ಕೆ ಸಮಾಜಶಾಸ್ತ್ರ ಶೋಧನೆಯ ಪ್ರಯೋಜನ

ಶಾಲೆಯ ಸ್ಮರಣ ಸಂಚಿಕೆಯೆಂದರೆ ಅದರಲ್ಲಿ ಹಳೆಯ ವಿದ್ಯಾರ್ಥಿನಿಯರ ನೆನಪುಗಳೂ, ಪರೀಕ್ಷೆಗಳಲ್ಲಿ ದೊರೆತ ಜಯದ ವೃತ್ತಾಂತವೂ, ಆಟಪಾಠಗಳ ವರದಿಯೂ ಇರುವುದು ವಾಡಿಕೆ. ಇವೆಲ್ಲವೂ ಇರತಕ್ಕವುಗಳೇ ಸರಿ. ಆದರೆ ಶಾಲೆಯ ವಿಷಯದಲ್ಲಿ ಸಂತೋಷಪಡುವುದು ಬೇರೆ, ಶಾಲೆಯನ್ನು ಅರಿತುಕೊಳ್ಳುವುದು ಬೇರೆ. ಈ ಎರಡನೆಯ ಕೆಲಸಕ್ಕೆ ಸಹಾಯವಾಗುವ ಒಂದು ವಿದ್ಯೆಯನ್ನು ಕುರಿತು ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯ್ತಂದೆಗಳ ಮುಂದೆ ನಾಲ್ಕು ಮಾತುಗಳನ್ನು ಇಡಬೇಕೆಂದು ನಾವು ಈ ಲೇಖನವನ್ನು ಬರೆಯುತ್ತಿದ್ದೇವೆ. ಅದೇ ಸಮಾಜಶಾಸ್ತ್ರ, ಅಂದರೆ ಜನರು ಕೂಡಿ ಬಾಳುವ ರೀತಿಯನ್ನು ಕ್ರಮವಾಗಿ ನೋಡಿ, ಕೇಳಿ, ಎಣಿಸಿ, ಹೋಲಿಸಿ ತಿಳಿಯುವ ವಿದ್ಯೆ.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಂಡು ಮುಂದುವರಿಯುವುದು ಯೋಗ್ಯವಾಗಿದೆ. ಅನೇಕ ವರ್ಷಗಳ ಹಿಂದೆ ನಮ್ಮ ಕೈಕೆಳಗೆ ಒಬ್ಬ ಹುಡುಗಿ ಓದುತ್ತಿದ್ದಳು. ಜೂನ್ ತಿಂಗಳಿನಿಂದ ನವಂಬರದ ವರೆಗೆ ಅವಳು ಲೆಕ್ಕದಲ್ಲಿ ಎಲ್ಲರಿಗಿಂತ ಮುಂದು. ದಶಂಬರ ಬಂದೊಡನೆ ವಾರಕ್ಕೆ ಎರಡು ದಿನ, ಮೂರು ದಿನ ಬಾರದಾದಳು; ಬಂದ ದಿನವೂ ತೂಕಡಿಸುತ್ತಿದ್ದಳು. ನಾವು ಅವಳ ಪ್ರಗತಿಪತ್ರದಲ್ಲಿ, ಹುಡುಗಿಗೆ ಆಲಸ್ಯ, ಮನೆಯವರಿಗೆ ಲಕ್ಷ್ಯವಿಲ್ಲ ಎಂಬ ಅರ್ಥದ ಒಂದು ಸಾಲನ್ನು ಬರೆದೆವು. ಆ ವರ್ಷದ ಕೊನೆಗೆ ಅವಳು ಶಾಲೆಯನ್ನು ಬಿಟ್ಟಳು. ಬಹುಕಾಲದ ಮೇಲೆ ನಮಗೆ ತಿಳಿದುಬಂದದ್ದೇನೆಂದರೆ, ಅವಳ ತಾಯಿಯು ತೋಟದ ಲೈನುಮನೆಯಲ್ಲಿದ್ದು ಕಾಫಿ ಕುಯ್ಲಿಗೆ ಹೋಗುತ್ತಿದ್ದಳು. ಕುಯ್ದ ಹಣ್ಣಿನ ತೂಕದ ಮೇಲೆ ಕೂಲಿಯಾದುದರಿಂದ ಆ ಎರಡು ಮೂರು ತಿಂಗಳ ಸಂಪಾದನೆಯೇ ಮಳೆಗಾಲಕ್ಕೆ ಆಧಾರವಾಗಿತ್ತು. ಮನೆಯಲ್ಲಿದ್ದ ಹಸುಗೂಸನ್ನು ನೋಡಿಕೊಳ್ಳುವುದಕ್ಕೆ ಈ ಹುಡುಗಿಯಲ್ಲದೆ ಮತ್ತೊಬ್ಬರಿರಲಿಲ್ಲ. ನಾವು ಬರೆದ ಸಾಲಿನಲ್ಲಿ ಎರಡು ಮಾತುಗಳಿದ್ದವು, ಎರಡೂ ಸುಳ್ಳು. ಹುಡುಗಿಯು ಸೋಮಾರಿಯಲ್ಲ, ತಾಯಿಯು ಅಲಕ್ಷ್ಯದವಳಲ್ಲ. ನಾವು ಕೇಳಬೇಕಾದ ಪ್ರಶ್ನೆಯನ್ನು ಕೇಳದೆ ತೀರ್ಪನ್ನು ಕೊಟ್ಟಿದ್ದೆವು.

೧. ಇದು ಎಂಥ ವಿದ್ಯೆ?

ನಮ್ಮ ಕೊಡಗಿನಲ್ಲಿ ತೋಟ ಮಾಡುವವರೆಲ್ಲರಿಗೂ ಒಂದು ಸಂಗತಿ ತಿಳಿದಿದೆ. ಒಂದೇ ಪಾತಿಯಿಂದ ಎತ್ತಿದ ಕಾಫಿ ಸಸಿಗಳನ್ನು ಎರಡು ಇಳಿಜಾರುಗಳಲ್ಲಿ ನೆಟ್ಟರೆ ಒಂದು ಕಡೆ ಗಿಡವು ಹುಲುಸಾಗಿಯೂ ಮತ್ತೊಂದು ಕಡೆ ಬಡಕಲಾಗಿಯೂ ಬೆಳೆಯಬಹುದು. ಆಗ ಬುದ್ಧಿವಂತನಾದ ತೋಟಗಾರನು ಸಸಿಯನ್ನು ಬೈಯುವುದಿಲ್ಲ. ನೆರಳು ಹೆಚ್ಚಾಯಿತೋ, ನೀರು ನಿಂತಿತೋ, ಮಣ್ಣು ಕೊಚ್ಚಿಹೋಯಿತೋ ಎಂದು ನೋಡುತ್ತಾನೆ. ಮಕ್ಕಳ ವಿಷಯದಲ್ಲಿಯೂ ಇದೇ ವಿವೇಕವು ಬೇಕು. ಮನಶ್ಶಾಸ್ತ್ರವು ಸಸಿಯನ್ನು ಕುರಿತು ಹೇಳಿದರೆ, ಸಮಾಜಶಾಸ್ತ್ರವು ಸಸಿಯು ನಿಂತ ನೆಲವನ್ನು ಕುರಿತು ಹೇಳುತ್ತದೆ. ಎರಡೂ ಬೇಕು, ಆದರೆ ಶಾಲೆಗಳಲ್ಲಿ ನಾವು ಮೊದಲನೆಯದನ್ನು ನೆನೆದಷ್ಟು ಎರಡನೆಯದನ್ನು ನೆನೆಯುವುದಿಲ್ಲ.

ಈ ದೃಷ್ಟಿಯನ್ನು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಫ್ರಾನ್ಸ್ ದೇಶದ ಎಮಿಲ್ ದುರ್ಖೈಮ್ (೧೮೫೮-೧೯೧೭) ಎಂಬವರು ಮುಖ್ಯರು. ಅವರು ೧೮೮೭ರಿಂದ ಬೋರ್ಡೋ ನಗರದ ವಿಶ್ವವಿದ್ಯಾಲಯದಲ್ಲಿ ಶಿಕ್ಷಣಶಾಸ್ತ್ರವನ್ನೂ ಸಮಾಜಶಾಸ್ತ್ರವನ್ನೂ ಜೊತೆಯಾಗಿಯೇ ಬೋಧಿಸಿದರು. ಅವರ ಮತವೇನೆಂದರೆ, ವಿದ್ಯಾಭ್ಯಾಸವು ಒಬ್ಬ ಗುರುವಿಗೂ ಒಬ್ಬ ಶಿಷ್ಯನಿಗೂ ನಡುವೆ ಮಾತ್ರ ನಡೆಯುವ ಕಾರ್ಯವಲ್ಲ. ಹಿರಿಯ ತಲೆಮಾರು ಕಿರಿಯ ತಲೆಮಾರನ್ನು ತನ್ನ ಸಮಾಜದ ಬಾಳ್ವೆಗೆ ಸಿದ್ಧಪಡಿಸುವ ಕ್ರಮವೇ ವಿದ್ಯಾಭ್ಯಾಸ. ಆದುದರಿಂದ ಸಮಾಜವು ಬೇರೆಯಾದಂತೆ ಶಾಲೆಯೂ ಬೇರೆಯಾಗುತ್ತದೆ. ಸಮಾಜವನ್ನು ನೋಡದೆ ಶಾಲೆಯನ್ನು ಮಾತ್ರ ನೋಡುವವನು ಹೊಳೆಯ ಮೂಲವನ್ನು ಅರಿಯದೆ ಕಡವಿನಲ್ಲಿ ನಿಂತು ನೀರು ಏಕೆ ಕೆಂಪಾಯಿತೆಂದು ಆಶ್ಚರ್ಯಪಡುವವನಂತೆ.

೨. ಕೊಡಗಿನಲ್ಲಿ ಈ ಕೆಲಸವು ನಡೆದ ಬಗೆ

ಇದು ಹೊರನಾಡಿನವರ ವಿದ್ಯೆ, ನಮಗೇಕೆ ಎಂದು ಯಾರೂ ಭಾವಿಸಬಾರದು. ಭಾರತದ ಸಮಾಜಶಾಸ್ತ್ರದ ಚರಿತ್ರೆಯಲ್ಲಿ ನಮ್ಮ ಚಿಕ್ಕ ಕೊಡಗಿಗೆ ದೊಡ್ಡ ಸ್ಥಾನವಿದೆ.

ಬಾಸೆಲ್ ಮಿಶನಿನ ಹರ್ಮನ್ ಮೋಗ್ಲಿಂಗ್ ಎಂಬವರು ೧೮೫೩ರಲ್ಲಿ ಕೊಡಗಿಗೆ ಬಂದು, ೧೮೫೫ರಲ್ಲಿ ಈ ನಾಡಿನ ವೃತ್ತಾಂತವನ್ನು ಗ್ರಂಥರೂಪವಾಗಿ ಪ್ರಕಟಿಸಿದರು. ಅವರ ತರುವಾಯ ಮಡಿಕೇರಿಯ ಸರಕಾರಿ ಶಾಲೆಯ ಮುಖ್ಯಸ್ಥರಾಗಿದ್ದ ಜಿ. ರಿಕ್ಟರ್ ಅವರು ೧೮೭೦ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚು ಮಾಡಿಸಿದ ಕೊಡಗಿನ ಕೈಪಿಡಿಯಲ್ಲಿ ನೆಲ, ಜಲ, ಬೆಳೆ, ಜಾತಿ, ಪದ್ಧತಿ, ಆಡಳಿತ ಇವೆಲ್ಲವುಗಳ ವಿವರಣೆಯಿದೆ. ಇಲ್ಲಿ ಗಮನಿಸತಕ್ಕ ವಿಷಯವೇನೆಂದರೆ ಆ ಗ್ರಂಥವನ್ನು ಬರೆದವರು ಒಬ್ಬ ಉಪಾಧ್ಯಾಯರು. ತಾವು ಕಲಿಸುವ ಹುಡುಗರು ಎಂಥ ಮನೆಗಳಿಂದ ಬರುತ್ತಾರೆಂಬುದನ್ನು ತಿಳಿಯುವ ಕುತೂಹಲವು ಶಾಲೆಯಲ್ಲಿಯೇ ಹುಟ್ಟಿದುದು. ಆದರೆ ಆ ಕಾಲದ ಬಿಳಿಯರ ಬರೆವಣಿಗೆಯಲ್ಲಿ ಆಳುವವರ ದೃಷ್ಟಿಯೂ, ತಮ್ಮ ನಡತೆಯೇ ಮೇಲೆಂಬ ಭಾವನೆಯೂ ಸೇರಿರುತ್ತಿದ್ದವೆಂಬುದನ್ನು ನಾವು ಮರೆಯಲಾಗದು.

ನಾಡಿನವರೇ ನಾಡನ್ನು ನೋಡಿ ಬರೆದ ದೊಡ್ಡ ಕೆಲಸವೆಂದರೆ ನಡಿಕೇರಿಯಂಡ ಚಿಣ್ಣಪ್ಪನವರದು. ಪೋಲೀಸು ಇಲಾಖೆಯಲ್ಲಿದ್ದುಕೊಂಡೇ ಅವರು ಹಾಡುಗಳನ್ನೂ ಪದ್ಧತಿಗಳನ್ನೂ ಸಂಗ್ರಹಿಸಿ ೧೯೨೪ರಲ್ಲಿ 'ಪಟ್ಟೋಲೆ ಪಳಮೆ'ಯನ್ನು ಹೊರತಂದರು. ಮದುವೆ, ಸಾವು, ಪುತ್ತರಿ ಮುಂತಾದ ಸಂದರ್ಭಗಳಲ್ಲಿ ಜನರು ಏನು ಹಾಡುತ್ತಾರೆ, ಏನು ಮಾಡುತ್ತಾರೆ ಎಂಬುದು ಆ ಗ್ರಂಥದಿಂದ ಉಳಿಯಿತು.

ಆ ಬಳಿಕ ಮೈಸೂರಿನಲ್ಲಿ ೧೯೧೬ರಲ್ಲಿ ಹುಟ್ಟಿದ ಎಂ. ಎನ್. ಶ್ರೀನಿವಾಸರು ಬೊಂಬಾಯಿಯಲ್ಲಿ ಜಿ. ಎಸ್. ಘುರ್ಯೆಯವರ ಶಿಷ್ಯರಾಗಿದ್ದು ಕೊಡವರನ್ನು ಕುರಿತು ಶೋಧನೆ ನಡೆಸಿದರು. ೧೯೪೫ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ ಅದೇ ಸಾಮಗ್ರಿಯನ್ನು ಹೊಸ ದೃಷ್ಟಿಯಿಂದ ಪರಿಶೀಲಿಸಿ, ೧೯೫೨ರಲ್ಲಿ ದಕ್ಷಿಣ ಭಾರತದ ಕೊಡವರ ಧರ್ಮವನ್ನೂ ಸಮಾಜವನ್ನೂ ವಿವರಿಸುವ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದರು. ಚಿಣ್ಣಪ್ಪನವರ ಸಂಗ್ರಹವು ಅವರಿಗೆ ಬಹಳ ಉಪಕಾರವಾಯಿತು. ಲೋಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಇಂದಿಗೂ ಓದಲ್ಪಡುವ ಈ ಗ್ರಂಥದಲ್ಲಿ ಅವರು ಮುಖ್ಯವಾಗಿ ತೋರಿಸಿದುದು ಎರಡು ಸಂಗತಿಗಳನ್ನು. ಒಂದನೆಯದು, ಒಕ್ಕ, ಊರು, ನಾಡು ಎಂಬ ಕೂಟಗಳು ಹಬ್ಬ ಆಚರಣೆಗಳ ಮೂಲಕ ತಮ್ಮ ಒಗ್ಗಟ್ಟನ್ನು ಹೇಗೆ ಕಾಪಾಡಿಕೊಂಡವೆಂಬುದು. ಎರಡನೆಯದು, ಒಂದು ಜನವರ್ಗವು ತನಗಿಂತ ಮೇಲಿನದೆಂದು ಎಣಿಸಲ್ಪಟ್ಟ ವರ್ಗದ ಆಚಾರ, ಆಹಾರ, ಪೂಜಾಕ್ರಮಗಳನ್ನು ಮೆಲ್ಲಮೆಲ್ಲನೆ ತನ್ನದಾಗಿ ಮಾಡಿಕೊಳ್ಳುವ ಬಗೆ. ಇದಕ್ಕೆ ಸಂಸ್ಕೃತೀಕರಣವೆಂದು ಹೆಸರು ಬಂತು.

ಮುಂದೆ ೧೯೪೮ರಲ್ಲಿ ಅವರು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಹಲವು ತಿಂಗಳು ವಾಸಮಾಡಿ ಅಲ್ಲಿಯ ಜೀವನವನ್ನು ಬರೆದಿಟ್ಟುಕೊಂಡರು. ೧೯೭೦ರಲ್ಲಿ ಅಮೇರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ, ವರ್ಷಗಳ ಕಾಲ ಶ್ರಮಪಟ್ಟು ಅವರು ಕ್ರಮಪಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ಆದರೂ ಅವರು ಎದೆಗುಂದದೆ ನೆನಪನ್ನೇ ಮುಖ್ಯಾಧಾರ ಮಾಡಿಕೊಂಡು ೧೯೭೬ರಲ್ಲಿ ಆ ಹಳ್ಳಿಯ ಗ್ರಂಥವನ್ನು ಹೊರತಂದರು. ಲಕ್ಷ್ಯವಿಟ್ಟು ನೋಡಿದುದು ಕಾಗದವು ಸುಟ್ಟರೂ ಅಳಿಯುವುದಿಲ್ಲವೆಂಬುದು ನಮ್ಮ ವಿದ್ಯಾರ್ಥಿನಿಯರು ನೆನಪಿಡತಕ್ಕ ಪಾಠ.

೩. ಇದರಿಂದ ಶಾಲೆಗೇನು?

ಈ ಗ್ರಂಥಗಳು ಶಾಲೆಯ ವಿಷಯವಾಗಿ ಬರೆದವುಗಳಲ್ಲ. ಆದರೂ ಅವು ಕಲಿಸುವ ನೋಟವನ್ನು ಶಾಲೆಯ ಕಡೆಗೆ ತಿರುಗಿಸಿದರೆ ಎಷ್ಟೋ ವಿಷಯಗಳು ಸ್ಪಷ್ಟವಾಗುತ್ತವೆ.

ಮೊದಲು ಒಕ್ಕದ ಸಂಗತಿಯನ್ನೇ ನೋಡೋಣ. ಹಿಂದೆ ಕೊಡವರ ಐನ್‌ಮನೆಯಲ್ಲಿ ಅಣ್ಣತಮ್ಮಂದಿರ ಕುಟುಂಬಗಳು ಕೂಡಿ ಬಾಳುತ್ತಿದ್ದವು. ಒಕ್ಕವಿಲ್ಲದವನಿಗೆ ಸಮಾಜದಲ್ಲಿ ನೆಲೆಯೇ ಇರಲಿಲ್ಲ. ಅಲ್ಲಿ ಮಗುವಿಗೆ ಹಾಡು, ಕಥೆ, ಹಿರಿಯರ ಮುಂದೆ ನಡೆದುಕೊಳ್ಳುವ ಮರ್ಯಾದೆ, ಗದ್ದೆಯ ಕೆಲಸ ಇವೆಲ್ಲವನ್ನೂ ಕಲಿಸುವುದಕ್ಕೆ ಅಜ್ಜಿತಾತಂದಿರೂ ದೊಡ್ಡಪ್ಪ ಚಿಕ್ಕಪ್ಪಂದಿರೂ ಇದ್ದರು. ಇಂದು ಹೆಚ್ಚಿನ ಮಕ್ಕಳು ತಾಯ್ತಂದೆಗಳು ಮಾತ್ರ ಇರುವ ಚಿಕ್ಕ ಮನೆಗಳಲ್ಲಿ ಬೆಳೆಯುತ್ತಾರೆ. ಹಬ್ಬಕ್ಕೆ ಐನ್‌ಮನೆಯಲ್ಲಿ ಸೇರಿ ಮರುದಿನ ತಮ್ಮ ತಮ್ಮ ಊರಿಗೆ ಹಿಂದಿರುಗುತ್ತಾರೆ. ಹೀಗಿರುವಲ್ಲಿ ಶಾಲೆಯು ಮನೆಯಲ್ಲಿ ಓದಿಸಿರಿ ಎಂದು ಹೇಳಿ ಕಳುಹಿಸುವಾಗ, ಆ ಮನೆಯಲ್ಲಿ ಈಗ ಯಾರಿದ್ದಾರೆ, ಸಾಯಂಕಾಲ ಎಷ್ಟು ಗಂಟೆಗೆ ಅವರು ಬಿಡುವಾಗುತ್ತಾರೆ ಎಂಬುದನ್ನು ಕೇಳಿದೆಯೇ? ಮನೆಯು ಬದಲಾಗಿದ್ದರೂ ಶಾಲೆಯ ಮನಸ್ಸಿನಲ್ಲಿ ಹಳೆಯ ಮನೆಯೇ ಇದೆ.

ಎರಡನೆಯದಾಗಿ ಭಾಷೆ. ಕೊಡಗಿನ ಒಂದೇ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲೆಯಾಳ, ತುಳು, ತಮಿಳು, ಎರವರ ಮಾತು, ಕುರುಬರ ಮಾತು ಇವುಗಳನ್ನಾಡುವ ಮಕ್ಕಳು ಕುಳಿತಿರಬಹುದು. ಪುಸ್ತಕವಾದರೋ ಕನ್ನಡದ್ದು ಅಥವಾ ಇಂಗ್ಲಿಷಿನದು. ಮಗುವಿನ ಮೊದಲ ವಿದ್ಯಾಭ್ಯಾಸಕ್ಕೆ ಮಾತೃಭಾಷೆಯೇ ಉತ್ತಮವಾದ ಮಾಧ್ಯಮವೆಂದು ಯುನೆಸ್ಕೋ ಸಂಸ್ಥೆಯು ೧೯೫೩ರಲ್ಲಿಯೇ ತನ್ನ ವರದಿಯಲ್ಲಿ ಹೇಳಿತ್ತು. ಪ್ರಶ್ನೆಗೆ ಉತ್ತರಿಸದೆ ಸುಮ್ಮನೆ ನಿಂತ ಮಗುವನ್ನು ನಾವು ದಡ್ಡಿಯೆಂದು ಎಣಿಸುತ್ತೇವೆ. ಅವಳು ಒಳಗೊಳಗೆ ಒಂದು ಭಾಷೆಯಿಂದ ಮತ್ತೊಂದಕ್ಕೆ ದಾಟುತ್ತಿರಬಹುದು. ಮನೆಯ ಮಾತೂ ಶಾಲೆಯ ಮಾತೂ ಒಂದೇ ಆದ ಮಗುವಿಗೆ ಈ ಸಂಕಟವಿಲ್ಲ. ಹಾಗೆಯೇ ಪುಸ್ತಕಗಳಿರುವ ಮನೆಯಿಂದ ಬಂದ ಮಗುವು ಶಾಲೆಗೆ ಬರುವ ಮೊದಲೇ ಅರ್ಧ ಪಾಠವನ್ನು ಕಲಿತಿರುತ್ತದೆ. ಫ್ರಾನ್ಸಿನ ಪಿಯರ್ ಬೋರ್ಡ್ಯೂ ಎಂಬ ಸಮಾಜಶಾಸ್ತ್ರಜ್ಞರು ೧೯೬೦ರ ದಶಕದಿಂದ ಈ ವಿಷಯವನ್ನು ಬಹಳವಾಗಿ ವಿವರಿಸಿದ್ದಾರೆ. ಹಣದಂತೆಯೇ ಮಾತು, ರೀತಿ, ಓದಿನ ಅಭ್ಯಾಸ ಇವೂ ಪಿತ್ರಾರ್ಜಿತವಾಗಿ ಬರುವ ಬಂಡವಾಳ. ಶಾಲೆಯು ಆ ಬಂಡವಾಳವನ್ನು ಸ್ವಂತ ಯೋಗ್ಯತೆಯೆಂದು ತಪ್ಪಾಗಿ ತಿಳಿದು ಬಹುಮಾನ ಕೊಡುತ್ತದೆ ಎಂಬುದು ಅವರ ವಾದದ ಸಾರಾಂಶ.

ಮೂರನೆಯದು ಸರಾಸರಿಯ ಮೋಸ. ೨೦೧೧ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ ೫,೫೪,೫೧೯. ಅಕ್ಷರಸ್ಥರು ನೂರಕ್ಕೆ ೮೨.೬೧, ಇಡೀ ಕರ್ನಾಟಕದಲ್ಲಿ ಈ ಸಂಖ್ಯೆ ೭೫.೩೬. ಕೊಡಗಿನ ಸ್ತ್ರೀಯರಲ್ಲಿ ೭೮.೧೪, ರಾಜ್ಯದ ಸ್ತ್ರೀಯರಲ್ಲಿ ೬೮.೦೮. ಇದನ್ನು ಓದಿ ನಾವು ಹೆಮ್ಮೆಪಡುವುದು ಸಹಜ. ಆದರೆ ಇದೇ ಗಣತಿಯಲ್ಲಿ ಕೊಡಗಿನ ಪುರುಷರು ೮೭.೧೯; ಅಂದರೆ ಗಂಡಿಗೂ ಹೆಣ್ಣಿಗೂ ನಡುವೆ ಇನ್ನೂ ಒಂಭತ್ತರ ಅಂತರವಿತ್ತು. ಅದಕ್ಕಿಂತ ಮುಖ್ಯವಾಗಿ, ಸರಾಸರಿಯೆಂಬುದು ತುಂಬಿದ ಕಣಜವನ್ನೂ ಬರಿದಾದ ಮಡಕೆಯನ್ನೂ ಕೂಡಿಸಿ ಎಲ್ಲರಿಗೂ ಊಟವಿದೆಯೆಂದು ಹೇಳುವ ಲೆಕ್ಕ. ಹಾಡಿಗಳಲ್ಲಿಯೂ ಲೈನುಮನೆಗಳಲ್ಲಿಯೂ ಇರುವ ಎರವ, ಜೇನುಕುರುಬ ಮೊದಲಾದ ಜನರ ಮಕ್ಕಳ ಸ್ಥಿತಿಯು ಈ ಸಂಖ್ಯೆಯೊಳಗೆ ಮುಚ್ಚಿಹೋಗುತ್ತದೆ. ಜಿಲ್ಲೆಯನ್ನು ವಿಂಗಡಿಸಿ, ಊರನ್ನು ವಿಂಗಡಿಸಿ, ತರಗತಿಯನ್ನು ವಿಂಗಡಿಸಿ ನೋಡಿದಲ್ಲದೆ ಯಾವ ಬಾಗಿಲು ಮುಚ್ಚಿದೆಯೆಂದು ತಿಳಿಯದು.

ಶ್ರೀನಿವಾಸರ ಗ್ರಂಥದ ವಿಷಯದಲ್ಲಿಯೂ ಇಲ್ಲಿ ಒಂದು ಮಾತನ್ನು ವಿನಯದಿಂದ ಹೇಳಬೇಕಾಗಿದೆ. ಅದರ ಮಧ್ಯದಲ್ಲಿರುವವರು ಕೊಡವರು. ಉಳಿದವರು ಕೊಡವರ ಬಾಳ್ವೆಯ ಅಂಚಿನಲ್ಲಿ ಕಾಣಿಸಿಕೊಳ್ಳುತ್ತಾರೆ. ಲೈನುಮನೆಯ ಬಾಗಿಲಲ್ಲಿ ನಿಂತು ನೋಡಿದರೆ ಇದೇ ಕೊಡಗು ಹೇಗೆ ಕಾಣುವುದೆಂಬುದು ಬೇರೆಯೇ ಶೋಧನೆ. ಒಳ್ಳೆಯ ಶೋಧನೆಯೂ ಎಲ್ಲಿ ನಿಂತು ನೋಡಿತೆಂಬುದನ್ನು ಕೇಳುವ ಅಭ್ಯಾಸವನ್ನು ಈ ವಿದ್ಯೆಯೇ ನಮಗೆ ಕೊಡುತ್ತದೆ.

೪. ಹೊರಗಿನ ಶೋಧನೆಗಳು ಹೇಳುವುದೇನು?

ಅಮೇರಿಕ ದೇಶದಲ್ಲಿ ಜೇಮ್ಸ್ ಕೋಲ್ಮನ್ ಎಂಬವರ ಮುಖಂಡತ್ವದಲ್ಲಿ ಸುಮಾರು ಆರು ಲಕ್ಷ ವಿದ್ಯಾರ್ಥಿಗಳನ್ನು ಪರಿಶೀಲಿಸಿ ೧೯೬೬ರಲ್ಲಿ ಒಂದು ವರದಿಯು ಪ್ರಕಟಿಸಲ್ಪಟ್ಟಿತು. ಕಟ್ಟಡ, ಪುಸ್ತಕ, ಪ್ರಯೋಗಶಾಲೆಗಳ ವ್ಯತ್ಯಾಸವೇ ಮಕ್ಕಳ ಕಲಿಕೆಯ ವ್ಯತ್ಯಾಸಕ್ಕೆ ಕಾರಣವೆಂದು ಎಲ್ಲರೂ ನಂಬಿದ್ದರು. ವರದಿಯಾದರೋ ಮನೆಯ ಸ್ಥಿತಿಗತಿಯೂ ಜೊತೆಯಲ್ಲಿ ಓದುವವರ ಪ್ರಭಾವವೂ ಅದಕ್ಕಿಂತ ಬಲವಾದುವೆಂದು ತೋರಿಸಿತು. ಇದನ್ನು ಕೇಳಿ ಕೆಲವರು, ಹಾಗಾದರೆ ಶಾಲೆಯಿಂದ ಏನೂ ಆಗದು ಎಂದು ಕೈಚೆಲ್ಲಿದರು. ಆದರೆ ೧೯೮೩ರಲ್ಲಿ ಹೇನ್ಮನ್ ಮತ್ತು ಲಾಕ್ಸ್‌ಲಿ ಎಂಬಿಬ್ಬರು ಶೋಧಕರು ಬಡವಾದವೂ ಶ್ರೀಮಂತವಾದವೂ ಆದ ೨೯ ದೇಶಗಳನ್ನು ಹೋಲಿಸಿ, ಬಡ ದೇಶಗಳಲ್ಲಿ ಶಾಲೆಯ ಮತ್ತು ಉಪಾಧ್ಯಾಯರ ಗುಣವೇ ಹೆಚ್ಚಾಗಿ ಪರಿಣಾಮಕಾರಿಯೆಂದು ಕಂಡರು. ಇದರಿಂದ ನಾವು ಕಲಿಯತಕ್ಕದ್ದೇನು? ಒಂದು ದೇಶದಲ್ಲಿ ಕಂಡ ಸತ್ಯವನ್ನು ಮತ್ತೊಂದು ದೇಶಕ್ಕೆ ಕಣ್ಣುಮುಚ್ಚಿ ಹೊತ್ತು ತರಬಾರದು. ನಮ್ಮ ನೆಲವನ್ನು ನಾವೇ ನೋಡಬೇಕು.

ನಮ್ಮ ದೇಶದಲ್ಲಿಯೂ ಈ ಕೆಲಸವು ನಡೆದಿದೆ. ಕೊಠಾರಿ ಆಯೋಗದ (೧೯೬೪-೬೬) ಕಾಲದಲ್ಲಿಯೇ ಸಮಾಜಶಾಸ್ತ್ರಜ್ಞರು ಶಿಕ್ಷಣದ ಕಡೆಗೆ ಮನಸ್ಸಿಟ್ಟು, ೧೯೬೭ರಲ್ಲಿ ಗೋರೆ, ದೇಸಾಯಿ, ಚಿಟ್ನಿಸ್ ಇವರ ಸಂಪಾದಕತ್ವದಲ್ಲಿ ಭಾರತದ ಶಿಕ್ಷಣ ಸಮಾಜಶಾಸ್ತ್ರದ ಲೇಖನಗಳ ಸಂಪುಟವು ಬಂತು. ೧೯೭೨ರಲ್ಲಿ ವಿ. ಕೆ. ಆರ್. ವಿ. ರಾಯರು ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದಾಗ ಶ್ರೀನಿವಾಸರು ಅವರ ಜೊತೆಗೂಡಿದರು.

ಆದರೆ ತಾಯ್ತಂದೆಗಳು ವಿಶೇಷವಾಗಿ ತಿಳಿಯತಕ್ಕ ಒಂದು ಸಮೀಕ್ಷೆಯು ೧೯೯೬ರಲ್ಲಿ ಉತ್ತರ ಭಾರತದಲ್ಲಿ ನಡೆದು ೧೯೯೯ರಲ್ಲಿ 'ಪ್ರೋಬ್' ಎಂಬ ಹೆಸರಿನ ವರದಿಯಾಗಿ ಬಂತು. ಬಡವರಿಗೆ ಮಕ್ಕಳನ್ನು ಓದಿಸುವ ಆಸೆಯೇ ಇಲ್ಲವೆಂಬುದು ಆ ವರೆಗೆ ಅಧಿಕಾರಿಗಳೂ ಉಪಾಧ್ಯಾಯರೂ ಒಂದೇ ಬಾಯಿಂದ ಹೇಳುತ್ತಿದ್ದ ಮಾತು. ಶೋಧಕರು ಮನೆಮನೆಗೆ ಹೋಗಿ ಕೇಳಿದಾಗ, ಹಿಂದುಳಿದ ರಾಜ್ಯಗಳಲ್ಲಿಯೇ ನೂರಕ್ಕೆ ೯೮ ಮಂದಿ ಗಂಡುಮಕ್ಕಳಿಗೂ, ೮೯ ಮಂದಿ ಹೆಣ್ಣುಮಕ್ಕಳಿಗೂ ವಿದ್ಯೆಯು ಅವಶ್ಯವೆಂದರು. ಆಸೆಯಿತ್ತು, ಶಾಲೆಯು ಸರಿಯಾಗಿರಲಿಲ್ಲ. ಅದೇ ಸಮೀಕ್ಷೆಯಲ್ಲಿ ನಮ್ಮಂತೆಯೇ ಗುಡ್ಡಗಾಡಾದ ಹಿಮಾಚಲ ಪ್ರದೇಶವು ಬೇರೆ ರಾಜ್ಯಗಳಿಗಿಂತ ಬಹುದೂರ ಮುಂದುವರಿದುದು ಕಂಡಿತು. ಚದರಿದ ಊರುಗಳೂ ಕಡಿದಾದ ದಾರಿಗಳೂ ಅಲ್ಲಿ ಅಡ್ಡಿಯಾಗಲಿಲ್ಲ. ಸರಕಾರವು ಶಾಲೆಗೆ ಮನಸ್ಸುಕೊಟ್ಟು ಹಣ ಹಾಕಿದುದು, ಸ್ತ್ರೀಯರು ಮನೆಯ ಹೊರಗೆ ದುಡಿಯುವ ವಾಡಿಕೆಯಿದ್ದುದು, ಊರಿನವರಲ್ಲಿ ಅಂತರವು ಕಡಿಮೆಯಾಗಿ ಒಗ್ಗಟ್ಟಿದ್ದುದು ಇವು ಕಾರಣಗಳೆಂದು ಶೋಧಕರು ಹೇಳಿದರು. ನಾವು ಪ್ರಗತಿಪತ್ರದಲ್ಲಿ ಬರೆದ ಆ ಎರಡನೆಯ ಸುಳ್ಳು ನಮ್ಮೊಬ್ಬರ ಸುಳ್ಳಲ್ಲ, ಅದು ದೇಶವೆಲ್ಲ ಹಬ್ಬಿದ್ದ ಸುಳ್ಳೆಂದು ಈ ವರದಿಯನ್ನು ಓದಿದಾಗ ನಮಗೆ ಅರಿವಾಯಿತು.

೫. ಶೋಧನೆ ಮಾಡುವುದು ಹೇಗೆ?

ಇದಕ್ಕೆ ದೊಡ್ಡ ಪದವಿ ಬೇಕೆಂದು ತಿಳಿಯಬೇಡಿರಿ. ಪದವಿಯಿದ್ದವರ ಕೆಲಸವು ಹೆಚ್ಚು ಗಟ್ಟಿಯಾಗಿರುವುದು ನಿಜ; ಆದರೆ ಅದರ ಮೊದಲ ಮೆಟ್ಟಲುಗಳನ್ನು ಯಾವ ಶಾಲೆಯೂ ಏರಬಹುದು.

ಮೊದಲನೆಯದು, ಪ್ರಶ್ನೆಯನ್ನು ಚಿಕ್ಕದಾಗಿ ಮಾಡುವುದು. ಹುಡುಗಿಯರು ಏಕೆ ಹಿಂದೆ ಬೀಳುತ್ತಾರೆ ಎಂಬುದು ಬಹಳ ದೊಡ್ಡ ಪ್ರಶ್ನೆ. ಯಾವ ತಿಂಗಳಲ್ಲಿ ಯಾರು ಹೆಚ್ಚು ಗೈರುಹಾಜರು ಎಂಬುದು ಕೈಗೆ ಸಿಕ್ಕುವ ಪ್ರಶ್ನೆ. ಇದಕ್ಕೆ ಬೇಕಾದ ಗ್ರಂಥವು ಪ್ರತಿ ಶಾಲೆಯ ಬೀರುವಿನಲ್ಲಿಯೂ ಇದೆ. ಅದೇ ಹಾಜರಿ ಪುಸ್ತಕ. ಹತ್ತು ವರ್ಷಗಳ ಹಾಜರಿಯನ್ನು ತಿಂಗಳು ತಿಂಗಳಾಗಿ ಬರೆದು ನೋಡಿದರೆ ಜೂನ್, ಜುಲಾಯಿ, ಆಗಸ್ಟಿನ ಮಳೆಯೂ, ನವಂಬರದಿಂದ ಮಾರ್ಚಿಯ ತನಕ ನಡೆಯುವ ಕಾಫಿ ಕುಯ್ಲೂ ಅಲ್ಲಿ ತಮ್ಮ ಗುರುತನ್ನು ಬಿಟ್ಟಿವೆಯೋ ಇಲ್ಲವೋ ಕಾಣುವುದು. ೨೦೧೮ರ ಆಗಸ್ಟಿನಲ್ಲಿ ಮಡಿಕೇರಿ ತಾಲೂಕಿನ ಮಕ್ಕಂದೂರು ಮೊದಲಾದ ಕಡೆ ಗುಡ್ಡಗಳು ಜರಿದು ಎಷ್ಟೋ ಕುಟುಂಬಗಳು ಪರಿಹಾರ ಕೇಂದ್ರಗಳನ್ನು ಸೇರಿದಾಗ, ಆ ವರ್ಷದ ಗೈರುಹಾಜರಿಗೆ ಆಲಸ್ಯವೆಂಬ ಹೆಸರನ್ನು ಯಾರೂ ಕೊಡಲಿಲ್ಲ; ಏಕೆಂದರೆ ಕಾರಣವು ಎಲ್ಲರ ಕಣ್ಣಿಗೂ ಬಿದ್ದಿತ್ತು. ಕಣ್ಣಿಗೆ ಬೀಳದ ಕಾರಣಗಳಿಗೂ ಇಂಥದೇ ನ್ಯಾಯವನ್ನು ಸಲ್ಲಿಸುವುದಕ್ಕಾಗಿಯೇ ಶೋಧನೆಯು ಬೇಕಾಗಿರುವುದು.

ಎರಡನೆಯದು, ಲೆಕ್ಕವನ್ನು ಮಾತ್ರ ನಂಬದೆ ಮನೆಗೆ ಹೋಗಿ ಕುಳಿತು ಮಾತಾಡುವುದು. ಸಂಖ್ಯೆಯು ಎಷ್ಟೆಂಬುದನ್ನು ಹೇಳುತ್ತದೆ. ಏಕೆಂಬುದನ್ನು ತಾಯಿಯೇ ಹೇಳಬೇಕು. ದೊಡ್ಡ ಹುಡುಗಿಯರು ತಿಂಗಳಲ್ಲಿ ಕೆಲವು ದಿನ ಏಕೆ ಬರುವುದಿಲ್ಲ, ಶಾಲೆಯ ಶೌಚಗೃಹದಲ್ಲಿ ನೀರಿದೆಯೇ, ಬಸ್ಸಿನಿಂದ ಇಳಿದ ಮೇಲೆ ಕಾಡಿನ ದಾರಿಯಲ್ಲಿ ಎಷ್ಟು ದೂರ ನಡೆಯಬೇಕು, ಆ ದಾರಿಯಲ್ಲಿ ಆನೆಯ ಭಯವಿದೆಯೇ ಎಂಬ ಸಂಗತಿಗಳು ಯಾವ ನಮೂನೆಯ ಕಾಗದದಲ್ಲಿಯೂ ಇರುವುದಿಲ್ಲ.

ಮೂರನೆಯದು, ಜೊತೆಯಾಗಿ ಕಂಡುದನ್ನೆಲ್ಲ ಕಾರಣವೆಂದು ತಿಳಿಯದಿರುವುದು. ಒಂದು ಶಾಲೆಯಲ್ಲಿ ವಸತಿಗೃಹದಲ್ಲಿರುವ ಹುಡುಗಿಯರಿಗೆ ಹೆಚ್ಚು ಅಂಕಗಳು ಬರುತ್ತವೆಂದಿಟ್ಟುಕೊಳ್ಳೋಣ. ಅದು ವಸತಿಗೃಹದ ಶಿಸ್ತಿನ ಫಲವೋ, ಅಥವಾ ಶುಲ್ಕ ಕೊಡಬಲ್ಲ, ಓದುಬರಹ ಬಲ್ಲ ಮನೆಗಳಿಂದ ಅವರು ಬಂದುದರ ಫಲವೋ? ಒಂದೇ ಬಗೆಯ ಮನೆಗಳಿಂದ ಬಂದ ಇಬ್ಬಗೆಯ ಹುಡುಗಿಯರನ್ನು ಹೋಲಿಸಿದಲ್ಲದೆ ಉತ್ತರ ದೊರೆಯದು. ಈ ಎಚ್ಚರಿಕೆಯಿಲ್ಲದೆ ಎಷ್ಟೋ ಶಾಲೆಗಳು ತಮಗೆ ಸಲ್ಲದ ಕೀರ್ತಿಯನ್ನು ಪಡೆದಿವೆ. ಎಷ್ಟೋ ಶಾಲೆಗಳು ತಮ್ಮದಲ್ಲದ ನಿಂದೆಯನ್ನು ಹೊತ್ತಿವೆ.

ನಾಲ್ಕನೆಯದು, ಗುಟ್ಟನ್ನು ಕಾಪಾಡುವುದು. ಜಾತಿ, ಆದಾಯ, ಮನೆಯ ಜಗಳ ಇವುಗಳನ್ನು ಕುರಿತ ಪ್ರಶ್ನೆಯು ಕೇಳುವ ರೀತಿಯಿಂದಲೇ ಗಾಯಮಾಡಬಲ್ಲುದು. ತರಗತಿಯಲ್ಲಿ ಎಲ್ಲರ ಮುಂದೆ ಇವನ್ನು ಕೇಳತಕ್ಕದ್ದಲ್ಲ. ಹೇಳದಿರುವ ಸ್ವಾತಂತ್ರ್ಯವು ಹೇಳುವವರಿಗೆ ಇರಬೇಕು. ಬರೆಯುವಾಗ ಹೆಸರುಗಳನ್ನು ಬಿಡಬೇಕು. ಶ್ರೀನಿವಾಸರು ತಾವು ವಾಸಮಾಡಿದ ಹಳ್ಳಿಗೆ ರಾಂಪುರವೆಂಬ ಬೇರೆ ಹೆಸರನ್ನಿಟ್ಟೇ ಬರೆದರು. ಕೊನೆಯದಾಗಿ, ತಿಳಿದುಬಂದುದನ್ನು ಹೇಳಿದವರಿಗೇ ಹಿಂದಿರುಗಿಸಿ, ಅದರಿಂದ ಅವರಿಗೆ ಒಂದು ಉಪಕಾರವಾದರೂ ಆಗುವಂತೆ ಮಾಡಬೇಕು.

೬. ಎರಡು ಆಕ್ಷೇಪಣೆಗಳು

ಉಪಾಧ್ಯಾಯಿನಿಗೆ ಪ್ರೀತಿಯಿದ್ದರೆ ಸಾಲದೆ, ಶೋಧನೆಯೇಕೆ ಎಂದು ಕೆಲವರು ಕೇಳಬಹುದು. ಪ್ರೀತಿಯಿಲ್ಲದ ಶೋಧನೆಯು ನಿಷ್ಫಲವೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಆ ಹುಡುಗಿಯ ಮೇಲೆ ನಮಗೆ ಪ್ರೀತಿಯಿರಲಿಲ್ಲವೇ? ಇತ್ತು. ಇಲ್ಲದಿದ್ದುದು ತಿಳಿವಳಿಕೆ. ವೈದ್ಯನಿಗೆ ಕರುಣೆಯಿದ್ದ ಮಾತ್ರಕ್ಕೆ ನಾಡಿಯನ್ನು ನೋಡುವುದು ಬೇಡವಾಗುವುದಿಲ್ಲವಷ್ಟೆ.

ಎಲ್ಲಕ್ಕೂ ಸಮಾಜವೇ ಕಾರಣವಾದರೆ ಮಗುವಿನ ಸ್ವಂತ ಪ್ರಯತ್ನಕ್ಕೆ ಬೆಲೆಯೆಲ್ಲಿ ಎಂಬುದು ಎರಡನೆಯ ಆಕ್ಷೇಪಣೆ. ಇದು ಗಂಭೀರವಾದುದು. ಸಮಾಜಶಾಸ್ತ್ರವು ಗುಂಪುಗಳ ಒಲವನ್ನು ಹೇಳುತ್ತದೆಯೇ ಹೊರತು ಒಂದು ಮಗುವಿನ ಹಣೆಬರಹವನ್ನು ಹೇಳುವುದಿಲ್ಲ. ಇಂಥ ಮನೆಯಿಂದ ಬಂದವಳು ಇಷ್ಟೇ ಎಂದು ಮೊದಲೇ ಎಣಿಸುವ ಉಪಾಧ್ಯಾಯಿನಿಯು ಈ ವಿದ್ಯೆಯನ್ನು ತಲೆಕೆಳಗಾಗಿ ಹಿಡಿದಂತಾಯಿತು. ಕಲ್ಲು ಎಲ್ಲಿದೆಯೆಂದು ತಿಳಿಯುವುದು ಅದನ್ನು ಎತ್ತುವುದಕ್ಕಾಗಿ. ಅದರ ಮೇಲೆ ಕುಳಿತು ದಾರಿ ಮುಗಿಯಿತೆನ್ನುವುದಕ್ಕಾಗಿ ಅಲ್ಲ. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಉಚಿತವಾದ ವಿದ್ಯಾಭ್ಯಾಸದ ಹಕ್ಕನ್ನು ೨೦೦೯ರ ಕಾನೂನು ಕೊಟ್ಟಿತು. ಅದು ೨೦೧೦ನೆಯ ಏಪ್ರಿಲ್ ೧ರಿಂದ ಜಾರಿಗೆ ಬಂತು. ಕಾನೂನು ಬಾಗಿಲನ್ನು ತೆರೆಯಬಲ್ಲುದು. ತೆರೆದ ಬಾಗಿಲಿನೊಳಗೆ ಒಂದು ಮಣೆ ಏಕೆ ಬರಿದಾಗಿದೆಯೆಂಬುದನ್ನು ನಾವೇ ವಿಚಾರಿಸಬೇಕು.

೭. ಕೊನೆಯ ಮಾತು

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನೀವು ಶಾಲೆಯನ್ನು ಒಳಗಿನಿಂದಲೂ ಈಗ ಹೊರಗಿನಿಂದಲೂ ಬಲ್ಲವರು. ನಿಮ್ಮ ಜೊತೆಯಲ್ಲಿ ಅದೇ ಬೆಂಚಿನ ಮೇಲೆ ಕುಳಿತು ನಡುವಿನಲ್ಲಿ ಕಾಣೆಯಾದವರು ಯಾರೆಂದು ಒಮ್ಮೆ ನೆನೆಯಿರಿ. ಈ ಸಂಚಿಕೆಯಲ್ಲಿ ಅವರ ಭಾವಚಿತ್ರವಿರುವುದಿಲ್ಲ. ಹಳೆಯ ವಿದ್ಯಾರ್ಥಿನಿಯರ ಸಭೆಗೆ ಅವರಿಗೆ ಕರೆಯೋಲೆಯೂ ಹೋಗುವುದಿಲ್ಲ. ಅವರು ಏಕೆ ಹೋದರೆಂಬುದನ್ನು ನಿಮ್ಮಲ್ಲಿ ಯಾರಾದರೂ ಬಲ್ಲವರಿದ್ದರೆ, ಹೆಸರನ್ನು ಬಿಟ್ಟು ಸಂಗತಿಯನ್ನು ಬರೆದು ಶಾಲೆಗೆ ಕಳುಹಿಸಿರಿ. ಶಾಲೆಯ ಕೀರ್ತಿಯು ತೇರ್ಗಡೆಯಾದವರ ಪಟ್ಟಿಯಲ್ಲಿದ್ದರೆ, ಶಾಲೆಯ ಪಾಠವು ಬಿಟ್ಟುಹೋದವರ ಪಟ್ಟಿಯಲ್ಲಿದೆ.

ತಾಯ್ತಂದೆಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಉಪಾಧ್ಯಾಯಿನಿಯರು ಮನೆಯ ಸಂಗತಿಯನ್ನು ಕೇಳಿದಾಗ, ಇದು ಇವರಿಗೇಕೆ ಎಂದು ಬೇಸರಪಡದೆ ನಿಮಗೆ ಯುಕ್ತವೆಂದು ತೋರಿದಷ್ಟನ್ನು ಹೇಳಿರಿ. ಹಾಗೆಯೇ ನೀವೂ ಶಾಲೆಯನ್ನು ಪ್ರಶ್ನಿಸಿರಿ. ಅಂಕಗಳೆಷ್ಟು ಬಂದವೆಂದು ಮಾತ್ರ ಕೇಳದೆ, ನಮ್ಮ ಮಗುವು ತರಗತಿಯಲ್ಲಿ ಮಾತಾಡುತ್ತದೆಯೇ, ಯಾರ ಪಕ್ಕದಲ್ಲಿ ಕುಳಿತುಕೊಳ್ಳುತ್ತದೆ, ಯಾರೂ ಪಕ್ಕದಲ್ಲಿ ಕುಳಿತುಕೊಳ್ಳದ ಮಗುವು ಯಾವುದು ಎಂದೂ ಕೇಳಿರಿ.

ನಾವಾದರೋ ಆ ಒಂದು ಸಾಲನ್ನು ಬರೆದಂದಿನಿಂದ ಇಷ್ಟನ್ನು ಕಲಿತಿದ್ದೇವೆ. ಪ್ರಗತಿಪತ್ರದಲ್ಲಿ ಆಲಸ್ಯವೆಂಬ ಪದವನ್ನು ಬರೆಯುವುದಕ್ಕೆ ಮುಂಚೆ ಲೇಖನಿಯನ್ನು ಕೆಳಗಿಟ್ಟು, ಹಾಜರಿ ಪುಸ್ತಕವನ್ನು ಒಮ್ಮೆ ತೆರೆದು ನೋಡಿ, ಆ ಮಗುವಿನ ಮನೆಯ ಕಡೆಗೆ ಹೊರಡುತ್ತೇವೆ. ಆ ಹುಡುಗಿಗೆ ನಾವು ಸಲ್ಲಿಸಬೇಕಾದ ಋಣವು ಇದರಿಂದ ತೀರದು. ಆದರೆ ಅವಳಂತೆ ಮತ್ತೊಬ್ಬಳು ನಮ್ಮ ಅಜ್ಞಾನದ ದೆಸೆಯಿಂದ ಹೊರಗೆ ಹೋಗದಿರುವುದಕ್ಕೆ ಇದಕ್ಕಿಂತ ಸರಿಯಾದ ದಾರಿಯನ್ನು ನಾವು ಅರಿಯೆವು.